ನನ್ನ ಮಿಕ್ಸರಿಗೆ ಕೈ ಹಾಕಿದವರು

ಹುಮನಾಬಾದ್, ಶನಿವಾರ, 12 ಮಾರ್ಚ್ 1983

ಸಿಟ್ಟು ಇನ್ನೂ ಇಳಿದಿಲ್ಲ. ಭಜನಿ ಮೇಳದ ತುಳಜಾರಾಮ ಕಾಕಾ ಇವತ್ತು ನನ್ನ ಮೈಕ್‌ಸೆಟ್ಟಿನ ಮಿಕ್ಸರಿಗೇ ಕೈ ಹಾಕಿದರು. "ಗಂಡ ಹಾಸಿಗಿ ಹಿಡದಾನಂತ ನೀ ಬಂದು ಮಶಿನ್ ಮುಂದ ಕೂಡ್ತಿಯೇನು ಬಾಯಿ? ನನ್ನ ಆವಾಜ್ ಪೂರಾ ಏರಸು" ಎಂದು ತಾವೇ ಗುಂಡಿ ತಿರುಗಿಸಿದರು. ಹಾರ್ನು ಕುಂಯ್ ಎಂದು ಚೀರಿತು, ಜನ ಕಿವಿ ಮುಚ್ಚಿಕೊಂಡರು.

ಅವರು ಹಾಡಲು ಮೇಳದತ್ತ ತಿರುಗಿದ ಕೂಡಲೇ ನಾನು ಅವರ ಗುಂಡಿಯನ್ನು ಮೊದಲಿನ ಜಾಗಕ್ಕೇ ತಂದೆ. ಢೋಲಕಿನದೂ ತಾಳದ್ದೂ ಮೈಕು ಇಳಿಸಿದೆ. ಅವರ ದನಿ ಸ್ವಚ್ಛವಾಗಿ ಮೇಲೆದ್ದಿತು.

ಹಾಡು ಮುಗಿದ ಮೇಲೆ ಬೀಗುತ್ತ ಬಂದರು. "ನೋಡು, ಪೂರಾ ಏರಸಿದ್ದಕ್ಕ ಹ್ಯಾಂಗ ಬಂತು!"

ಹಲೋ ಹಲೋ ಹೇಳುವ ಮೈಕನ್ನು ಕೈಗೆ ತೆಗೆದುಕೊಂಡು ಅದರ ಗುಂಡಿ ಏರಿಸಿದೆ.

"ಏರಸಿಲ್ರಿ ಕಾಕಾ, ಉಳದವರದು ಇಳಸೀನಿ."

ಇಡೀ ಓಣಿ ಕೇಳಿತು. ಕೇಳಲಿ.