ಅಪ್ಪನ ಕೈತುತ್ತು

ಮಾವನವರಿಗೆ ಜಿಬೆಕ್‌ಳ ಸಲಾಮ್.

ಲಕ್ವ ಹೊಡೆದಿದ್ದ ಅತ್ತೆಯವರ ಎಡಗೈ ಸ್ವಲ್ಪ ಏಳುತ್ತಿದೆಯೆಂದು ಕೇಳಿ ಸಮಾಧಾನವಾಯಿತು. ನಿಮ್ಮ ಮೊಮ್ಮಗಳು ನಡೆಯತೊಡಗಿದ್ದಾಳೆ. ಬರುವ ಭಾನುವಾರ ನಮ್ಮ ಪದ್ಧತಿಯಂತೆ ಅವಳ ಕಾಲಿಗೆ ಕರಿ-ಬಿಳಿ ದಾರ ಕಟ್ಟಿ ಕತ್ತರಿಸುವ ಔತಣ. ಅತ್ತೆಯವರನ್ನೂ ಕರೆದುಕೊಂಡು ನರೀನ್‌ನ ನಮ್ಮ ಮನೆಗೆ ಬನ್ನಿ. ಕುರಿ ತರಬೇಡಿ, ಇಲ್ಲಿಯೇ ಇದೆ.

ಒಂದು ಮಾತು ಹೇಳಬೇಕು. ನಿಮ್ಮ ಮಗನಿಗೆ ರಕ್ತದೊತ್ತಡ, ಸಕ್ಕರೆ ಎರಡೂ ಏರಿವೆ. ಅತ್ತೆಯವರಿಗೂ ಹೀಗೆಯೇ ಶುರುವಾಗಿತ್ತಲ್ಲ. "ಯಾವ್ದೋ ಒಂದನ್ನ ಬಿಟ್ರೆ ಸಾಲ್ದಮ್ಮ, ಊಟದ ರೀತಿನೇ ಬದಲಾಗ್ಬೇಕು" ಎಂದರು ಡಾಕ್ಟರು. ಮನೆಯಲ್ಲಿ ಹೊತ್ತುಹೊತ್ತಿಗೂ ಉಪ್ಪಿನ ಚಹಾ, ಬ್ರೆಡ್ಡು, ಕೊಬ್ಬು. ಮೂಲಂಗಿ ಬಡಿಸಿದರೆ ಇವರು, "ಹುಲ್ಲನ್ನ ಕುರಿ ತಿನ್ಲಿ, ಕುರೀನ ನಾನು ತಿಂತೀನಿ. ಎರಡೂ ನನ್ ಹೊಟ್ಟೆಗೇ ಬಂತಲ್ಲ" ಎಂದು ನಗುತ್ತಾರೆ. ಮಲಗಿದರೆ ಅವರ ಉಸಿರು ನಿಂತು ನಿಂತು ಬರುತ್ತದೆ. ಮುಂದಿನ ಉಸಿರು ಬರುವವರೆಗೆ ನನಗೆ ಕಣ್ಣು ಮುಚ್ಚಲಾಗುವುದಿಲ್ಲ.

ಔತಣದಲ್ಲಿ ವಾಡಿಕೆಯಂತೆ ನೀವು ಕುರಿಯ ಬಾಲದ ಕೊಬ್ಬನ್ನು ಕೈಯಾರೆ ಮಗನ ಬಾಯಿಗಿಡುತ್ತೀರಿ. ಹಿರಿಯರ ಕೈತುತ್ತನ್ನು ಯಾರೂ ಬೇಡವೆನ್ನುವಂತಿಲ್ಲ, ಸೊಸೆ ತಡೆಯುವಂತೆಯೂ ಇಲ್ಲ. ನಾನು ತಡೆಯುವುದಿಲ್ಲ. ನಿಮ್ಮ ಪಕ್ಕದಲ್ಲಿ ಮೂಲಂಗಿ, ಕ್ಯಾರೆಟ್ಟಿನ ತಟ್ಟೆ ಇಟ್ಟಿರುತ್ತೇನೆ. ಎಲ್ಲರೆದುರು ಅವರಿಗೆ ಅದರಿಂದಲೇ ತುತ್ತು ಕೊಡಿ. ನನ್ನ ಕೈಯಿಂದ ತಿನ್ನದವರು ನಿಮ್ಮ ಕೈಯಿಂದ ತಿಂದೇ ತಿನ್ನುತ್ತಾರೆ. ಒಂದು ತುತ್ತಿನಿಂದ ಏನೂ ಆಗದೆಂದು ಗೊತ್ತು. ಆದ್ದರಿಂದ ಔತಣ ಮುಗಿದರೂ ಕೆಲವು ವಾರ ಇಲ್ಲೇ ಇದ್ದು, ಪ್ರತಿ ಊಟಕ್ಕೂ ಹೀಗೆಯೇ ಕೊಡಬೇಕು.

ಆ ಕೊಬ್ಬಿನ ತುಂಡು ಕೈಯಲ್ಲಿ ಉಳಿಯಿತೆಂದು ಮುಜುಗರಪಡಬೇಡಿ. ನನ್ನನ್ನು ಕರೆಯಿರಿ. ನಿಮ್ಮ ಕೈತುತ್ತನ್ನು ನಾನೂ ಬೇಡವೆನ್ನುವಂತಿಲ್ಲವಲ್ಲ.

ನಿಮ್ಮ ದಾರಿ ನೋಡುತ್ತಿರುವ ಸೊಸೆ,
ಜಿಬೆಕ್