ಉಸಿರಿನ ಹತ್ತಿರ ಬೆಂಕಿ ಬೇಡ

ಜನವರಿ 6, ಮಂಗಳವಾರ

ಹೊಸ ಆಕ್ಸಿಜನ್ ಸಿಲಿಂಡರ್ ಬಂತು. ನೆಟ್ಟಗೆ ನಿಲ್ಲಿಸಿ ಕಿಟಕಿ ಕಂಬಿಗೆ ಚೈನ್ ಹಾಕಿಸಿದೆ. ಬಿದ್ದು ವಾಲ್ವಿನ ಕತ್ತು ಮುರಿದರೆ ರಾಕೆಟ್ಟಿನಂತೆ ಗೋಡೆ ಒಡೆದುಕೊಂಡು ಹೋಗುತ್ತದಂತೆ. ಇವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲೇ ವಾಲ್ವ್ ತಿರುಗಿಸಲು ಬಂದರು. ಸೋಪು ಹಾಕಿ ತೊಳೆದು ಬನ್ನಿ ಎಂದು ಕಳಿಸಿದೆ. ಆಕ್ಸಿಜನ್ನಿಗೆ ಎಣ್ಣೆ ಆಗದು, ಬೆಂಕಿಯಂತೂ ಆಗಲೇಬಾರದು. ಗೊಣಗಿದರು. ಗೊಣಗಲಿ. ವರ್ಷಾನುಗಟ್ಟಲೆ ಮೈಸೂರು ರಸ್ತೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ಹೊಗೆ ಕುಡಿದವಳು ನಾನು. ಉಳಿದಿರುವ ಶ್ವಾಸಕೋಶ ಇಷ್ಟೇ. ಇದನ್ನು ಯಾರ ಎಣ್ಣೆ ಕೈಗೂ ಕೊಡುವುದಿಲ್ಲ.

ಜನವರಿ 9, ಶುಕ್ರವಾರ

ಇವರ ಅಣ್ಣ ಬಂದಿದ್ದರು. ಕೃಷ್ಣಯ್ಯ ಭಾವ ಬಂದರೆಂದರೆ ಏನೋ ತೀರ್ಮಾನ ಆಗಿದೆ, ನಮಗೆ ತಿಳಿಸುವುದಷ್ಟೇ ಬಾಕಿ. ಭಾನುವಾರ ನಮ್ಮ ಹಾಲ್‌ನಲ್ಲಿ ಮೃತ್ಯುಂಜಯ ಹೋಮ. ನನ್ನ ಆಯಸ್ಸಿಗಾಗಿ. ಅತ್ತೆ ಹರಸಿಕೊಂಡಿದ್ದಾರಂತೆ. ನನ್ನ ಮಂಚ, ಸಿಲಿಂಡರ್ ಇರುವುದೂ ಅದೇ ಹಾಲ್‌ನಲ್ಲಿ.

ಆಗುವುದಿಲ್ಲ ಎಂದೆ.

"ಅರ್ಧ ಗಂಟೆ ಆ ಮೂಗಿನ ಪೈಪ್ ತೆಗೆದಿಡಮ್ಮ. ಏನಾಗೋಗುತ್ತೆ?"

ತೆಗೆದರೆ ಮೆಟ್ಟಿಲು ಹತ್ತಿದವಳಂತೆ ಏದುಸಿರು. ವಾಲ್ವ್ ಮುಚ್ಚಿದರೂ ಸೀರೆ, ಕೂದಲು, ಹೊದಿಕೆಯಲ್ಲಿ ಆಕ್ಸಿಜನ್ ಸ್ವಲ್ಪ ಹೊತ್ತು ನಿಂತಿರುತ್ತದೆ — ಒಂದು ಕಿಡಿ ಸಾಕು. ಎಲ್ಲ ಹೇಳಿದೆ. ಮಧ್ಯೆ ಮಧ್ಯೆ ನಿಂತು, ಉಸಿರೆಳೆದುಕೊಂಡು. ನಾನು ನಿಂತಾಗಲೆಲ್ಲ ಒಪ್ಪಿದೆ ಅಂದುಕೊಂಡರು.

ಜನವರಿ 10

ಮಗಳ ಫೋನ್. ಒಂದು ದಿನದ ಮಟ್ಟಿಗೆ ಮಲ್ಲತ್ತಹಳ್ಳಿಗೆ, ನಮ್ಮ ಮನೆಗೆ ಬಂದುಬಿಡು, ಜಗಳ ಯಾಕೆ ಎಂದಳು ಮಾನಸ. ನನ್ನ ಮನೆ. ನಾನ್ಯಾಕೆ ಹೋಗಲಿ?

ಜನವರಿ 11, ಭಾನುವಾರ, ಮಧ್ಯಾಹ್ನ

ನಡೆದದ್ದನ್ನು ಮರೆಯುವ ಮೊದಲೇ ಬರೆಯುತ್ತೇನೆ.

ಬೆಳಿಗ್ಗೆಯೇ ಇಟ್ಟಿಗೆ, ಸೌದೆ, ತುಪ್ಪ ಬಂದವು. ಹಿಂದೆಯೇ ಪುರೋಹಿತರು, ನೆಂಟರು. ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತೆ. ಮೂಗಿನಲ್ಲಿ ಪೈಪು. ಇವರು ನನ್ನ ಹಿಂದೆ ನಿಂತು ನೆಲ ನೋಡುತ್ತಿದ್ದರು.

"ದೇವರ ಕೆಲಸಕ್ಕೆ ಅಡ್ಡ ಬರ್ತೀಯಾ?" ಭಾವ ಕೇಳಿದರು.

"ದೇವರಿಗಲ್ಲ ಭಾವ. ಬೆಂಕಿಗೆ."

ಆಗ ಅತ್ತೆ ಮುಂದೆ ಬಂದರು. ಎಂಬತ್ತು ದಾಟಿದ ಅಕ್ಕಯ್ಯಮ್ಮ. ಅತ್ತೆ ಕಣ್ಣೀರು ಹಾಕಿದರೆ ಸೋತುಬಿಡುತ್ತೇನೆ ಎಂಬ ಭಯವಿತ್ತು. ಅಳಲಿಲ್ಲ. ಪೈಪನ್ನೇ ನೋಡುತ್ತ, ಅದು ಸಿಲಿಂಡರಿನವರೆಗೆ ಹೋಗಿರುವುದನ್ನು ನೋಡಿದರು.

"ನಿಜವಾಗ್ಲೂ ಹೊತ್ಕೊಳ್ಳುತ್ತಾ?"

ಹೂಂ ಅತ್ತೆ ಎಂದೆ.

"ಇವ್ಳು ಬದುಕ್ಲಿ ಅಂತ ನಾನು ಹರಸ್ಕೊಂಡಿದ್ದು ಕಣೋ, ಕೃಷ್ಣ. ಸುಡೋಕಲ್ಲ."

ಸೌದೆಯ ಒಂದು ಕಟ್ಟನ್ನು ತಾವೇ ಎತ್ತಿಕೊಂಡು ಬೀದಿಯ ಕೊನೆಯ ಖಾಲಿ ಸೈಟಿನ ಕಡೆ ನಡೆದರು. ಪುರೋಹಿತರು ತುಪ್ಪದ ಡಬ್ಬಿ ಹಿಡಿದು ಹಿಂದೆಯೇ ಹೋದರು. ಇವರೂ ಇಟ್ಟಿಗೆ ಹೊತ್ತರು, ಅಣ್ಣನ ಮುಖ ನೋಡದೆ. ಹೋಮ ಅಲ್ಲೇ ಆಯಿತು. ಮಂತ್ರ ಇಲ್ಲಿಗೂ ಕೇಳಿಸಿತು. ಕಣ್ಣು ಮುಚ್ಚಿ ಕೈ ಮುಗಿದೆ.

ಭಾವ ಊಟ ಮಾಡದೆ ಹೋದರು.

ಜನವರಿ 20

ಭಾವನ ಫೋನಿಲ್ಲ. ಸಾರಿ ಕೇಳಿಬಿಡು ಎಂದರು ಇವರು. ಯಾವುದಕ್ಕೆ ಎಂದೆ. ಎದ್ದು ಸಿಲಿಂಡರಿನ ಕಡೆ ಹೋದರು. ಆದರೆ ವಾಲ್ವ್ ಮುಟ್ಟುವ ಮೊದಲು ಕೈ ತೊಳೆದರು — ನಾನು ಹೇಳಿರಲಿಲ್ಲ.

ಫೆಬ್ರವರಿ 1, ಭಾನುವಾರ, ಬೆಳಿಗ್ಗೆ

ಭಾವ ಬಂದಿದ್ದಾರೆ. ಗೇಟಿನಾಚೆ ನಿಂತಿದ್ದಾರೆ, ಬೆರಳ ಸಂದಿಯಲ್ಲಿ ಸಿಗರೇಟು. ಕಿಟಕಿಯಲ್ಲಿ ನನ್ನನ್ನು ನೋಡಿ ನೆಲಕ್ಕೆ ಹಾಕಿ ಚಪ್ಪಲಿಯಿಂದ ಉಜ್ಜಿದರು. ಪೂರ್ತಿ ಆರಿತೇ ಎಂದು ಬಗ್ಗಿ ನೋಡಿದರು.

"ಈಗ ಬರ್ಬೋದೇನಮ್ಮ?"

ಈ ಮನೆಯೊಳಗೆ ಬರಲು ಅವರು ಯಾರನ್ನೂ ಕೇಳಿದವರಲ್ಲ. ಬನ್ನಿ ಎನ್ನುತ್ತೇನೆ. ಕಾಫಿಯನ್ನೂ ಕೊಡುತ್ತೇನೆ. ಆದರೆ ಇದೊಂದು ಸಾಲು ಬರೆದು ಮುಗಿಸುವವರೆಗೆ ಅಲ್ಲೇ ನಿಂತಿರಲಿ.