ಬೆನ್ನಿಗಿಟ್ಟ ಕೈ

ಶುಕ್ರವಾರ, ಜುಲೈ ೧೧

ತೊಡೆ ಕಲ್ಲಾಗಿದೆ. ಆದರೂ ಅಮ್ಮನ ಫೋನ್ ನೆನೆದರೆ ನಗು ತಡೆಯಲಾಗುತ್ತಿಲ್ಲ.

ಇವತ್ತಿನ ಸೈಕಲ್ ರೇಸಿನಲ್ಲಿ ನಮ್ಮ ತಂಡದ ನಾಯಕನಿಗೆ ಉಚ್ಚೆ ಒತ್ತಿ ಬಂದ ಹೊತ್ತಿಗೇ ಎದುರಾಳಿ ತಂಡ ವೇಗ ಏರಿಸಿತು. ಸೈಕಲ್ ನಿಲ್ಲಿಸಿದರೆ ಅವನ ಮೈಮೇಲಿನ ಹಳದಿ ಅಂಗಿ, ಅಂದರೆ ಇಷ್ಟು ದಿನಗಳ ಒಟ್ಟು ಲೆಕ್ಕದಲ್ಲಿ ಮುಂದಿರುವವನು ತೊಡುವ ಅಂಗಿ, ಬೇರೆಯವರ ಪಾಲು. "ತಳ್ಳೋ, ತಡ್ಕೊಳ್ಳಕ್ಕಾಗಲ್ಲ" ಎಂದ. ಅವನು ಪೆಡಲ್ ನಿಲ್ಲಿಸಿ, ಪಕ್ಕಕ್ಕೆ ವಾಲಿ ಕೆಲಸ ಮುಗಿಸುವವರೆಗೆ ನಾನು ಅವನ ಬೆನ್ನಿಗೆ ಕೈಯಿಟ್ಟು ಇಬ್ಬರ ಪಾಲಿನದನ್ನೂ ತುಳಿದೆ. ಗಾಳಿ ಬೇರೆ ನನ್ನ ಕಡೆಗೇ ಬೀಸುತ್ತಿತ್ತು. ಅಂಗಿ ಉಳಿಯಿತು. ಉಸಿರು ಸೋತ ನಾನು ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದೆ. ನಾಯಕನನ್ನು ಮುಂದಿಡುವುದೇ ತಂಡದಲ್ಲಿ ನನ್ನ ಕೆಲಸ, ಬೇಜಾರಿಲ್ಲ.

ಅಮ್ಮನಿಗೆ ಟಿವಿಯಲ್ಲಿ ಕಂಡದ್ದು ಬೆನ್ನ ಮೇಲಿನ ಕೈ ಮಾತ್ರ. "ಪಾಪ, ಆ ಹುಡುಗ ಸುಸ್ತಾಗಿ ವಾಲೇಬಿಟ್ಟಿದ್ದ. ನೀನೊಬ್ನೇ ಅವನನ್ನ ಬಿಟ್ಟುಹೋಗ್ಲಿಲ್ಲ ಕಣೋ" ಎಂದು ಅತ್ತೇಬಿಟ್ಟಳು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ, "ಟಿವೀಲಿ ನೀವಿಬ್ರು ಬಂದಾಗ ಫೋಟೋ ತೆಗ್ದೆ, ಅದಕ್ಕೆ ಕಟ್ಟು ಹಾಕ್ಸೋಕೆ ಅಪ್ಪನ್ನ ಕಳಿಸಿದೀನಿ" ಎಂದಳು. ಬಾಯಿ ಮುಚ್ಚಿಕೊಂಡೆ.

ಪಂದ್ಯ ಅವನು ಗೆಲ್ಲಲಿ, ಬಿಡಲಿ. ನಮ್ಮ ನಡುಮನೆಯ ಗೋಡೆಯ ಮೇಲೆ ಇನ್ನು ಜೀವಮಾನವಿಡೀ ಅವನು ಉಚ್ಚೆ ಹೊಯ್ಯುತ್ತಿರುತ್ತಾನೆ, ನಾನು ತಳ್ಳುತ್ತಿರುತ್ತೇನೆ.